ತಡೆಯಾಜ್ಞೆ ಸಿಕ್ಕ ಮರುದಿನ ಆ ನೆಲ ಯಾರ ಕೈಯಲ್ಲಿರುತ್ತದೆ?

ಪ್ರಶ್ನೆ: ನಾನು ಕಾನೂನು ಓದುತ್ತಿದ್ದೇನೆ, ಇದು ಕೊನೆಯ ವರ್ಷ. ಕಾಡು, ಬಯಲು, ಹೊಲ ಇಂಥ ನೆಲ ಉಳಿಸುವ ಕೆಲಸದಲ್ಲಿ ತೊಡಗಬೇಕು ಅಂತ ಆಸೆ. ಪಾಳುಬಿದ್ದ ಬಡಾವಣೆಗಳಿಗೆ ಮತ್ತೆ ಜೀವ ತುಂಬುವ ಕೆಲಸವೂ ನನ್ನನ್ನು ಸೆಳೆಯುತ್ತದೆ. ಆದರೆ ಎರಡೂ ಒಂದಕ್ಕೊಂದು ಎದುರು ಅನಿಸುತ್ತದೆ. ಒಂದು ಕಡೆ 'ಕಟ್ಟಬೇಡಿ' ಅನ್ನಬೇಕು, ಇನ್ನೊಂದು ಕಡೆ 'ಕಟ್ಟಿ' ಅನ್ನಬೇಕು. ಅದೂ ಅಲ್ಲದೆ, ಇಂಥ ವಿಷಯದಲ್ಲಿ ವಕೀಲರ ಕೆಲಸ ಅಂದರೆ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರುವುದಷ್ಟೇ ಅಲ್ವಾ?

ಉತ್ತರ: ತಡೆಯಾಜ್ಞೆ ಬೇಕೇ ಬೇಕು. ಮರ ಕಡಿಯುವ ಯಂತ್ರ ಬೇಲಿ ಹತ್ತಿರ ಬಂದು ನಿಂತಾಗ ಬೇರೆ ದಾರಿಯೇ ಇರುವುದಿಲ್ಲ. ಆದರೆ ಅದು ಆ ಹೊತ್ತಿನ ಕೆಲಸವನ್ನು ನಿಲ್ಲಿಸುತ್ತದೆ, ಅಷ್ಟೆ. ಮರುದಿನ ಆ ನೆಲ ಯಾರ ಕೈಯಲ್ಲಿರುತ್ತದೆ? ಅವರು ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು? ಮಾಡಬಾರದ್ದನ್ನು ಮಾಡಿದರೆ ಕೇಳುವವರು ಯಾರು? ಇದಕ್ಕೆಲ್ಲ ತಡೆಯಾಜ್ಞೆಯಲ್ಲಿ ಉತ್ತರ ಸಿಗುವುದಿಲ್ಲ. ಆ ಉತ್ತರವನ್ನು ಗಟ್ಟಿಯಾಗಿ ಬರೆದಿಡುವುದೇ ಈ ಕ್ಷೇತ್ರದ ವಕೀಲರ ಮುಖ್ಯ ಕೆಲಸ ಅಂತ ನಾನು ನಂಬಿದ್ದೇನೆ. ಹಾಗಾಗಿ ನಮ್ಮ ಸಮಯ ಜಾಸ್ತಿ ಹೋಗುವುದು ಹಳೆಯ ಪತ್ರಗಳ ಮುಂದೆ, ಸರ್ವೆ ನಕ್ಷೆಗಳ ಮುಂದೆ, ಜಮೀನಿನ ಮಾಲೀಕರ ಜತೆಗಿನ ಮಾತುಕತೆಯಲ್ಲಿ.

ನಿಮ್ಮಂಥವರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಇಂಗ್ಲೆಂಡಿನ ಸಾಲಿಸಿಟರ್ ರಾಬರ್ಟ್ ಹಂಟರ್ ಅವರ ಬಗ್ಗೆ. 19ನೇ ಶತಮಾನದ ನಡುವಿನಲ್ಲಿ ಲಂಡನ್ ಸುತ್ತಲಿನ ಸಾಮೂಹಿಕ ಬಯಲುಗಳಿಗೆ ಜಮೀನ್ದಾರರು ಒಂದೊಂದಾಗಿ ಬೇಲಿ ಹಾಕಿಕೊಳ್ಳುತ್ತಿದ್ದರು. ಅದನ್ನು ತಡೆಯಲೆಂದೇ 1865ರಲ್ಲಿ ಕಾಮನ್ಸ್ ಪ್ರಿಸರ್ವೇಷನ್ ಸೊಸೈಟಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಹಂಟರ್ ಅದರ ವಕೀಲರಾದರು. ಲಂಡನ್ ಪಕ್ಕದ ಎಪ್ಪಿಂಗ್ ಕಾಡಿನ ಕೇಸು ಅವರ ಕೈಗೆ ಬಂತು.

ಆ ಕೇಸಿನ ಕಷ್ಟ ಏನು ಅಂತ ನೋಡಿ. ಕಾಡು ಹಲವು ಜಮೀನ್ದಾರಿಗಳಿಗೆ ಹಂಚಿಹೋಗಿತ್ತು. ಪ್ರತಿ ಜಮೀನ್ದಾರ ತನ್ನ ಪಾಲಿಗೆ ಮಾತ್ರ ಬೇಲಿ ಹಾಕುತ್ತಿದ್ದ. ಸೌದೆ ಕಡಿಯುವ, ದನ ಮೇಯಿಸುವ ಹಕ್ಕಿದ್ದ ಜನ ಬಡವರು. ಹಕ್ಕು ಚಲಾಯಿಸಲು ಹೋಗಿ ಕೆಲವರು ಜೈಲಿಗೂ ಹೋದರು. ಥಾಮಸ್ ವಿಲ್ಲಿಂಗೇಲ್ ಎಂಬ ಹಳ್ಳಿಗ ಹೂಡಿದ್ದ ದಾವೆ 1870ರಲ್ಲಿ ಆತ ತೀರಿಕೊಂಡಾಗ ಅಲ್ಲಿಗೇ ನಿಂತುಹೋಯಿತು. ಒಬ್ಬ ಬಡವನ ಆಯಸ್ಸಿನ ಮೇಲೆ ಒಂದು ಕಾಡಿನ ಭವಿಷ್ಯ ನಿಂತಿತ್ತು ಅಂದರೆ ಎಂಥ ಅಪಾಯ ನೋಡಿ.

ಹಂಟರ್ ಹಳೆಯ ದಾಖಲೆಗಳನ್ನು ಬೇರೆ ಕಣ್ಣಿನಿಂದ ಓದಿದರು. ಕಾಡಿನ ದನಗಳು ಯಾವ ಜಮೀನ್ದಾರಿಯ ಗಡಿಯನ್ನೂ ನೋಡದೆ ಇಡೀ ಕಾಡಿನಲ್ಲಿ ಮೇಯುತ್ತಿದ್ದವು, ತಲೆತಲಾಂತರದಿಂದ. ಹಾಗಾದರೆ ಮೇಯಿಸುವ ಹಕ್ಕು ಇರುವುದು ತುಂಡು ತುಂಡಿನ ಮೇಲಲ್ಲ, ಇಡೀ ಕಾಡಿನ ಮೇಲೆ. ಒಬ್ಬನೇ ಹಕ್ಕುದಾರ ಎಲ್ಲ ಜಮೀನ್ದಾರರನ್ನೂ ಒಟ್ಟಿಗೆ ಪ್ರಶ್ನಿಸಬಹುದು. ಇನ್ನು ಬೇಕಾಗಿದ್ದದ್ದು ಹಣ ಇರುವ, ಸಾಯದ ಹಕ್ಕುದಾರ. ಅಂಥವರು ಸಿಕ್ಕರು. ಲಂಡನ್ ನಗರದ ಕಾರ್ಪೊರೇಷನ್ ಕಾಡಿನ ಸರಹದ್ದಿನಲ್ಲಿ ಸ್ಮಶಾನಕ್ಕಾಗಿ ಜಮೀನು ಕೊಂಡಿತ್ತು. ಆ ಜಮೀನಿನ ಜತೆ ದನ ಮೇಯಿಸುವ ಹಕ್ಕೂ ಬಂದಿತ್ತು! 1871ರಲ್ಲಿ ಕಾರ್ಪೊರೇಷನ್ ದಾವೆ ಹೂಡಿತು. 1874ರಲ್ಲಿ ನ್ಯಾಯಾಧೀಶ ಜಾರ್ಜ್ ಜೆಸೆಲ್ ಆ ಬೇಲಿಗಳು ಕಾನೂನುಬಾಹಿರ ಅಂತ ತೀರ್ಪು ಕೊಟ್ಟರು. 1878ರ ಕಾಯ್ದೆಯ ಮೂಲಕ ಎಪ್ಪಿಂಗ್ ಕಾಡನ್ನು ನೋಡಿಕೊಳ್ಳುವ ಹೊಣೆ ಕಾರ್ಪೊರೇಷನ್ನಿಗೇ ಬಂತು. ಇಂದಿಗೂ ಆ ಕಾಡು ಇದೆ.

ಹಂಟರ್ ಅಷ್ಟಕ್ಕೇ ನಿಲ್ಲಲಿಲ್ಲ ಅನ್ನುವುದು ನನಗೆ ಇನ್ನೂ ಮುಖ್ಯ. ಜಾಗವನ್ನು ಜನರಿಗಾಗಿ ಬಿಟ್ಟುಕೊಡುತ್ತೇನೆ ಅಂತ ಒಬ್ಬ ಮಾಲೀಕ ತಾನಾಗಿಯೇ ಮುಂದೆ ಬಂದರೆ ಏನು ಮಾಡುವುದು? ಹೋರಾಟದ ಸಂಘಕ್ಕೆ ಆಸ್ತಿ ಇಟ್ಟುಕೊಳ್ಳುವ ಕಾನೂನು ಅಧಿಕಾರವೇ ಇರಲಿಲ್ಲ. ಕೊಡುವವರಿದ್ದರು, ತೆಗೆದುಕೊಳ್ಳಲು ಕೈ ಇರಲಿಲ್ಲ. 1884ರಲ್ಲಿ ಹಂಟರ್ ಒಂದು ಭಾಷಣದಲ್ಲಿ, ನೆಲ ಹಿಡಿದಿಟ್ಟುಕೊಳ್ಳಲೆಂದೇ ಒಂದು ಸಂಸ್ಥೆ ಬೇಕು ಅಂತ ವಾದಿಸಿದರು. 1895ರಲ್ಲಿ ಒಕ್ಟೇವಿಯಾ ಹಿಲ್ ಮತ್ತು ಹಾರ್ಡ್‌ವಿಕ್ ರಾನ್ಸ್‌ಲಿ ಅವರ ಜತೆ ಸೇರಿ ನ್ಯಾಷನಲ್ ಟ್ರಸ್ಟ್ ಕಟ್ಟಿದರು. 1907ರಲ್ಲಿ ಅದಕ್ಕಾಗಿಯೇ ಬಂದ ಕಾಯ್ದೆ ಟ್ರಸ್ಟಿಗೆ ಒಂದು ಅಪರೂಪದ ಅಧಿಕಾರ ಕೊಟ್ಟಿತು. ಟ್ರಸ್ಟ್ ಒಂದು ಆಸ್ತಿಯನ್ನು ಪರಭಾರೆ ಮಾಡಬಾರದ್ದು ಅಂತ ಘೋಷಿಸಿದರೆ, ಆಮೇಲೆ ಬರುವ ಯಾವ ಆಡಳಿತ ಮಂಡಳಿಯೂ ಅದನ್ನು ಮಾರುವಂತಿಲ್ಲ. ಕೇಸು ಗೆಲ್ಲುವುದರಿಂದ ಹಿಡಿದು, ಗೆದ್ದದ್ದು ಕೈಜಾರದಂತೆ ಕಾಯ್ದೆ ಮಾಡಿಸುವವರೆಗೆ ಒಬ್ಬರೇ ವಕೀಲರ ದಾರಿ ಇದು.

ಇಂದು ಖಾಸಗಿ ಜಮೀನು ಉಳಿಸಲು ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕನ್ಸರ್ವೇಷನ್ ಈಸ್‌ಮೆಂಟ್. ಮಾಲೀಕ ಜಮೀನನ್ನು ತಾನೇ ಇಟ್ಟುಕೊಳ್ಳುತ್ತಾನೆ, ಉಳುತ್ತಾನೆ, ಮಾರಬಹುದು, ಮಕ್ಕಳಿಗೆ ಕೊಡಬಹುದು. ಅದನ್ನು ನಿವೇಶನ ಮಾಡುವ, ಅಲ್ಲಿ ದೊಡ್ಡ ಕಟ್ಟಡ ಎಬ್ಬಿಸುವ ಹಕ್ಕನ್ನು ಮಾತ್ರ ಬಿಟ್ಟುಕೊಡುತ್ತಾನೆ. ಆ ನಿರ್ಬಂಧವನ್ನು ಜಾರಿ ಮಾಡುವ ಹಕ್ಕು ನೆಲ ಉಳಿಸಲೆಂದೇ ಇರುವ ಒಂದು ಭೂ ಟ್ರಸ್ಟಿಗೋ ಸರಕಾರಿ ಸಂಸ್ಥೆಗೋ ಹೋಗುತ್ತದೆ. ಪತ್ರ ನೋಂದಣಿಯಾದ ಮೇಲೆ ಅದು ಜಮೀನಿನ ಜತೆಗೇ ಸಾಗುತ್ತದೆ, ಮಾಲೀಕ ಯಾರಾದರೂ ಸರಿ. 1981ರಲ್ಲಿ ಇದಕ್ಕೊಂದು ಮಾದರಿ ಕಾಯ್ದೆ ಸಿದ್ಧವಾಯಿತು, ಹಲವು ರಾಜ್ಯಗಳು ಅದನ್ನು ಅಳವಡಿಸಿಕೊಂಡವು.

ಕೇಳಲು ಸುಲಭ. ಪತ್ರ ಬರೆಯಲು ಕೂತಾಗ ಗೊತ್ತಾಗುತ್ತದೆ. ಹೊಸಬರು ಬರೆದು ತರುವ ಕರಡಿನಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ: 'ಜಮೀನಿನ ಸಹಜ ಸೌಂದರ್ಯಕ್ಕೆ ಧಕ್ಕೆ ತರುವ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ.' ಓದಲು ಚೆನ್ನಾಗಿದೆ. ಆದರೆ ಐವತ್ತು ವರ್ಷದ ನಂತರ ಇದನ್ನು ಹಿಡಿದು ಕೋರ್ಟಿಗೆ ಹೋಗುವವರ ಪಾಡು ಯೋಚಿಸಿ. ಸೌಂದರ್ಯ ಅಂದರೆ ಯಾರ ಕಣ್ಣಿಗೆ? ಧಕ್ಕೆ ಅಂದರೆ ಎಷ್ಟು? ನಾನಾದರೆ ಹೀಗೆ ಬರೆಸುತ್ತೇನೆ: 'ಹಳ್ಳದ ಎರಡೂ ದಡಗಳಿಂದ 30 ಮೀಟರ್ ಒಳಗೆ, ಅಂದರೆ ಲಗತ್ತಿಸಿದ ನಕ್ಷೆಯಲ್ಲಿ ಅ ಎಂದು ಗುರುತಿಸಿದ ಜಾಗದಲ್ಲಿ, ಮಣ್ಣು ತೆಗೆಯಬಾರದು, ಮಣ್ಣು ತುಂಬಬಾರದು, ಕಟ್ಟಡ ಕಟ್ಟಬಾರದು, ರೋಗ ತಗುಲಿದ ಅಥವಾ ಗಾಳಿಗೆ ಬಿದ್ದ ಮರಗಳನ್ನು ಬಿಟ್ಟು ಬೇರೆ ಮರ ಕಡಿಯಬಾರದು.' ನೀರಸವಾದ ವಾಕ್ಯ, ನಿಜ. ಆದರೆ ಟೇಪು ಹಿಡಿದು ಅಳೆಯಬಹುದು.

ಇದಕ್ಕಿಂತ ಕಷ್ಟದ್ದು ಮಾಲೀಕರ ಜತೆ ಕೂತು ಮುಂದಿನದನ್ನು ಊಹಿಸುವುದು. ಮಗಳಿಗೆ ಇಲ್ಲೇ ಒಂದು ಮನೆ ಬೇಕಾದರೆ? ಸರಿ, ಎಲ್ಲಿ ಅಂತ ಈಗಲೇ ನಕ್ಷೆಯಲ್ಲಿ ಗುರುತು ಹಾಕೋಣ. ಸೋಲಾರ್ ಫಲಕ ಹಾಕಬೇಕಾದರೆ? ಇಬ್ಬರು ಮಕ್ಕಳು ಪಾಲು ಕೇಳಿದರೆ? ಸಾರ್ವಜನಿಕರು ಒಳಗೆ ಬಂದು ನಡೆದಾಡಬಹುದಾ? ಎಲ್ಲದಕ್ಕೂ 'ಕೂಡದು' ಅಂತ ಬರೆದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಆ ಕುಟುಂಬಕ್ಕೆ ಪತ್ರ ಭಾರವಾಗುತ್ತದೆ. ಭಾರವಾದ ಪತ್ರವನ್ನು ಜನ ಮುರಿಯಲು ದಾರಿ ಹುಡುಕುತ್ತಾರೆ. ಪತ್ರಕ್ಕೆ ಸಹಿ ಹಾಕಿದ ಮಾಲೀಕರಿಗೆ ಆ ನೆಲದ ಮೇಲೆ ಪ್ರೀತಿ ಇರುತ್ತದೆ, ಮಾತು ಉಳಿಸಿಕೊಳ್ಳುತ್ತಾರೆ. ತಕರಾರು ಶುರುವಾಗುವುದು ಸಾಮಾನ್ಯವಾಗಿ ಅವರಿಂದ ಜಮೀನು ಕೊಂಡವರ ಕಾಲದಲ್ಲಿ. ಹಾಗಾಗಿ ನೀವು ಬರೆಯುವುದು ಎದುರಿಗೆ ಕೂತವರಿಗಾಗಿ ಅಲ್ಲ, ಇನ್ನೂ ಬಾರದವರಿಗಾಗಿ.

ಇನ್ನೊಂದು ವಿಷಯವನ್ನು ಕಾಲೇಜಿನಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಪತ್ರ ಬರೆಯುವ ಮೊದಲು ಋಣಭಾರ ನೋಡಬೇಕು. ಜಮೀನು ಬ್ಯಾಂಕಿಗೆ ಅಡಮಾನವಾಗಿದ್ದು, ಅಡಮಾನ ಮೊದಲು, ನಿಮ್ಮ ಈಸ್‌ಮೆಂಟ್ ಆಮೇಲೆ ನೋಂದಣಿಯಾಗಿದ್ದರೆ, ಸಾಲ ತೀರದೆ ಬ್ಯಾಂಕು ಜಮೀನು ಹರಾಜು ಹಾಕಿದ ದಿನ ಈಸ್‌ಮೆಂಟ್ ಅಳಿಸಿಹೋಗಬಹುದು. ಬ್ಯಾಂಕಿನಿಂದ 'ನಮ್ಮ ಹಕ್ಕು ಈ ಪತ್ರಕ್ಕಿಂತ ಹಿಂದೆ ನಿಲ್ಲುತ್ತದೆ' ಅಂತ ಸಹಿ ತರಲೇಬೇಕು. ನೆಲದಡಿಯ ಖನಿಜದ ಹಕ್ಕು ಬೇರೆಯವರ ಹೆಸರಿನಲ್ಲಿ ಇದೆಯಾ ಅಂತಲೂ ನೋಡಬೇಕು. ಮೇಲಿನ ಹುಲ್ಲುಗಾವಲು ಉಳಿಸಿ ಕೆಳಗೆ ಗಣಿ ಬಂದರೆ ಏನು ಉಳಿಸಿದ ಹಾಗಾಯಿತು?

ಆಮೇಲೆ ಜಮೀನಿನ ಇವತ್ತಿನ ಸ್ಥಿತಿಯ ದಾಖಲೆ. ಪತ್ರದ ದಿನ ಕಟ್ಟಡ ಎಷ್ಟಿತ್ತು, ರಸ್ತೆ ಎಲ್ಲಿತ್ತು, ಮರ ಯಾವುದಿತ್ತು ಅಂತ ಫೋಟೋ, ನಕ್ಷೆ ಸಮೇತ ಒಂದು ವರದಿ. ಎರಡೂ ಕಡೆಯವರ ಸಹಿ ಅದರ ಮೇಲಿರಬೇಕು. ಪ್ರತಿ ವರ್ಷ ಟ್ರಸ್ಟಿನವರು ಹೋಗಿ ಜಮೀನು ಸುತ್ತಿ ಬರಬೇಕು, ಅದಕ್ಕೆ ಹಣ ಮೊದಲೇ ತೆಗೆದಿಡಬೇಕು. ನೋಡಿಕೊಳ್ಳಲು ಹಣ ಇಲ್ಲದ ಟ್ರಸ್ಟು ಹೊಸ ಈಸ್‌ಮೆಂಟ್ ತೆಗೆದುಕೊಳ್ಳಲು ಹೊರಟರೆ, 'ಈಗ ಬೇಡ' ಅನ್ನುವುದು ಅವರ ವಕೀಲರ ಕರ್ತವ್ಯ.

ಈ ದಾರಿಯಲ್ಲಿ ನಮ್ಮವರೇ ಮಾಡಿದ ಅನ್ಯಾಯವನ್ನೂ ನೀವು ತಿಳಿದಿರಬೇಕು. ಹಕ್ಕು ಬಿಟ್ಟುಕೊಟ್ಟವರಿಗೆ ಅಮೆರಿಕದಲ್ಲಿ ಆದಾಯ ತೆರಿಗೆ ವಿನಾಯಿತಿ ಇದೆ. ಕೆಲವು ದಲ್ಲಾಳಿಗಳು ಹೂಡಿಕೆದಾರರನ್ನು ಗುಂಪು ಮಾಡಿ, ಅಗ್ಗದ ಜಮೀನು ಕೊಂಡು, ಅದರ ಬೆಲೆಯನ್ನು ಹಲವು ಪಟ್ಟು ಏರಿಸಿ ತೋರಿಸಿ, ಹಾಕಿದ ಹಣಕ್ಕಿಂತ ಎಷ್ಟೋ ಜಾಸ್ತಿ ವಿನಾಯಿತಿ ಹೊಡೆದರು. ಆ ಕಾಗದಗಳಲ್ಲಿ ವಕೀಲರ ಕೈಯೂ ಇತ್ತು. ಕೊನೆಗೆ 2022ರಲ್ಲಿ ಸಂಸತ್ತು ಇಂಥ ಗುಂಪುಗಳು ಪಡೆಯುವ ವಿನಾಯಿತಿಗೆ ಮಿತಿ ಹಾಕಿತು. ಪ್ರಾಮಾಣಿಕವಾಗಿ ನೆಲ ಬಿಟ್ಟುಕೊಟ್ಟ ರೈತರನ್ನೂ ಅನುಮಾನದಿಂದ ನೋಡುವ ಹಾಗಾಯಿತು. ನನಗೆ ಇದು ಬಹಳ ನೋವಿನ ಸಂಗತಿ.

ಇನ್ನು ನಿಮ್ಮ ಎರಡನೇ ಆಸೆ, ಪಾಳುಬಿದ್ದ ಬಡಾವಣೆ. ಅಲ್ಲೂ ಶುರುವಾಗುವುದು ಹಕ್ಕುಪತ್ರದಿಂದಲೇ. ಊರಿನ ನಡುವೆ ಒಂದು ನಿವೇಶನ ವರ್ಷಗಟ್ಟಲೆ ಖಾಲಿ ಬಿದ್ದಿದೆ, ಕಸದ ಗುಡ್ಡೆಯಾಗಿದೆ. ಜನ 'ಯಾರಿಗೂ ಕಾಳಜಿ ಇಲ್ಲ' ಅನ್ನುತ್ತಾರೆ. ಪತ್ರ ತೆಗೆದು ನೋಡಿದರೆ ಕತೆ ಬೇರೆ. ಮಾಲೀಕ ತೀರಿಕೊಂಡು ಎಷ್ಟೋ ಕಾಲವಾಗಿದೆ. ವಾರಸುದಾರರು ಚೆದುರಿಹೋಗಿದ್ದಾರೆ, ಕೆಲವರಿಗೆ ತಾವು ವಾರಸುದಾರರು ಅಂತಲೇ ಗೊತ್ತಿಲ್ಲ. ತೆರಿಗೆ ಬಾಕಿ ನಿವೇಶನದ ಬೆಲೆಯನ್ನೇ ಮೀರಿದೆ. ಮೇಲೊಂದು ಹಳೆಯ ಸಾಲದ ಬಾಧ್ಯತೆ, ಸಾಲ ಕೊಟ್ಟ ಕಂಪನಿ ಮುಚ್ಚಿಹೋಗಿದೆ. ಇಂಥ ಜಾಗವನ್ನು ಕೊಳ್ಳಲು ಮನಸ್ಸಿರುವವರೂ ಕೊಳ್ಳಲಾರರು. ಆ ಗಂಟು ಬಿಚ್ಚುವವರೆಗೆ ಯಾವ ಯೋಜನೆಯೂ ನೆಲಕ್ಕೆ ಇಳಿಯುವುದಿಲ್ಲ.

ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಕಾರು ಕಾರ್ಖಾನೆಗಳು ಹೋದ ಮೇಲೆ ಸಾವಿರಾರು ಮನೆಗಳು ಹೀಗೆ ಬಿದ್ದವು. ಅಲ್ಲಿ ಮೊದಲು ಬದಲಾದದ್ದು ಕಾನೂನು. 1999ರಲ್ಲಿ ರಾಜ್ಯ ತೆರಿಗೆ ಬಾಕಿ ವಸೂಲಿಯ ಕಾಯ್ದೆಯನ್ನೇ ತಿದ್ದಿತು. ಹಿಂದೆ ಬಾಕಿಯ ಹಕ್ಕನ್ನು ಖಾಸಗಿ ಹೂಡಿಕೆದಾರರಿಗೆ ಮಾರುತ್ತಿದ್ದರು, ಆಸ್ತಿ ವರ್ಷಗಟ್ಟಲೆ ಅತಂತ್ರವಾಗುತ್ತಿತ್ತು. ತಿದ್ದುಪಡಿಯ ನಂತರ ಕೋರ್ಟಿನ ಮೂಲಕ, ಸಂಬಂಧಪಟ್ಟವರಿಗೆ ನೋಟಿಸು ಕೊಟ್ಟು, ಸ್ಪಷ್ಟ ಹಕ್ಕು ಸರಕಾರದ ಕೈಗೆ ಬರುವಂತಾಯಿತು. ಅದರ ಬೆನ್ನಿಗೇ ಫ್ಲಿಂಟ್ ಇರುವ ಜೆನೆಸೀ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಲ್ಯಾಂಡ್ ಬ್ಯಾಂಕ್ ಬಂತು, ಅಂದರೆ ಇಂಥ ಪಾಳು ಆಸ್ತಿಗಳನ್ನು ತೆಗೆದುಕೊಂಡು ಮತ್ತೆ ಬಳಕೆಗೆ ತರುವ ಸರಕಾರಿ ಸಂಸ್ಥೆ. ಅದು ಕೆಲವು ಮನೆ ಕೆಡವಿತು, ಕೆಲವು ರಿಪೇರಿ ಮಾಡಿಸಿತು, ಎಷ್ಟೋ ಖಾಲಿ ನಿವೇಶನಗಳನ್ನು ಪಕ್ಕದ ಮನೆಯವರಿಗೇ ಕಡಿಮೆ ಬೆಲೆಗೆ ಕೊಟ್ಟಿತು. ಇಲ್ಲಿ ವಕೀಲರು ಎಚ್ಚರ ತಪ್ಪಬಾರದ ಜಾಗ ಆ ನೋಟಿಸು. ಸರಿಯಾದ ವಿಳಾಸಕ್ಕೆ ಹೋಗದ ಒಂದು ಕಾಗದದಿಂದ ಬಡ ಕುಟುಂಬವೊಂದು ಇದ್ದೊಂದು ಮನೆಯನ್ನೂ ಕಳೆದುಕೊಳ್ಳಬಹುದು.

ನನಗೆ ಹೆಚ್ಚು ಭರವಸೆ ಕೊಡುವುದು ಬೋಸ್ಟನ್ ನಗರದ ಡಡ್ಲಿ ಸ್ಟ್ರೀಟ್. 1980ರ ದಶಕದಲ್ಲಿ ಆ ಬಡಾವಣೆಯಲ್ಲಿ ಸಾವಿರಕ್ಕೂ ಹೆಚ್ಚು ನಿವೇಶನಗಳು ಖಾಲಿ ಬಿದ್ದಿದ್ದವು. ಹೊರಗಿನವರು ಬಂದು ಕಸ ಸುರಿದು ಹೋಗುತ್ತಿದ್ದರು. ನಿವಾಸಿಗಳು ಸಂಘಟಿತರಾಗಿ, ತಮ್ಮ ಯೋಜನೆಯನ್ನು ತಾವೇ ಸಿದ್ಧಪಡಿಸಿದರು. ಅವರ ವಕೀಲರು ಹುಡುಕಿದ ದಾರಿ ಯಾರೂ ಊಹಿಸದಂಥದ್ದು. ನಗರಾಭಿವೃದ್ಧಿ ಸಂಸ್ಥೆಗಳು ಬಳಸುವ ಭೂಸ್ವಾಧೀನದ ಅಧಿಕಾರ ನಿವಾಸಿಗಳಿಗೇ ಸಿಗಲಿ ಅಂತ ಕೇಳಿದರು. 1988ರಲ್ಲಿ ಸಿಕ್ಕಿತು, ಬಡಾವಣೆಯ ಒಂದು ಭಾಗದ ಖಾಲಿ ನಿವೇಶನಗಳ ಮಟ್ಟಿಗೆ. ಸಿಕ್ಕ ನೆಲ ಒಂದು ಸಮುದಾಯ ಭೂ ಟ್ರಸ್ಟಿನ ಹೆಸರಿನಲ್ಲೇ ಉಳಿಯಿತು. ಮನೆ ಕೊಂಡವರಿಗೆ ಮನೆ ಸ್ವಂತ, ನೆಲ ದೀರ್ಘಾವಧಿ ಗುತ್ತಿಗೆಗೆ. ಮರುಮಾರಾಟದ ಬೆಲೆಗೆ ಗುತ್ತಿಗೆ ಪತ್ರದಲ್ಲೇ ಮಿತಿ. ಆದ್ದರಿಂದ ಬಡಾವಣೆ ಸುಧಾರಿಸಿದ ಮೇಲೂ ಸಾಧಾರಣ ಸಂಬಳದವರು ಅಲ್ಲಿ ಮನೆ ಕೊಳ್ಳಬಹುದು. ಸುಧಾರಿಸಿದವರೇ ಸುಧಾರಣೆಯಿಂದ ಹೊರಬೀಳುವುದು ಎಷ್ಟು ಊರುಗಳಲ್ಲಿ ಆಗಿಲ್ಲ!

ಅದೇ ಭೂಸ್ವಾಧೀನ ಬೇರೆಯವರ ಕೈಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಇದೆ. ಅಭಿವೃದ್ಧಿ ಯೋಜನೆಗಾಗಿ ನಗರ ಜನರ ಮನೆಗಳನ್ನು ಸ್ವಾಧೀನ ಮಾಡಿಕೊಂಡಿತು. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಮನೆಗಳು ಹೋದವು, ಯೋಜನೆ ಕೈಗೂಡಲಿಲ್ಲ, ನೆಲ ವರ್ಷಗಳ ಕಾಲ ಖಾಲಿ ಬಿದ್ದಿತು. ನಗರದ ವಕೀಲರು ಕೇಸು ಗೆದ್ದಿದ್ದರು. ಆದರೆ ಅಲ್ಲಿ ವಾಸವಿದ್ದವರನ್ನು ಕೇಳದೆ ಮಾಡಿದ ಪುನರುಜ್ಜೀವನವನ್ನು ನಾನು ಆ ಹೆಸರಿನಿಂದ ಕರೆಯಲಾರೆ.

ಕೇಳುವ ಹಕ್ಕು ಯಾರಿಗಿದೆ ಅನ್ನುವುದು ಭಾರತದ ಕೋರ್ಟುಗಳಲ್ಲಿ ಚೆನ್ನಾಗಿ ಚರ್ಚೆಯಾಗಿದೆ. 1980ರ ರತ್ಲಾಮ್ ಪುರಸಭೆ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಚರಂಡಿ ಕಟ್ಟಲು ದುಡ್ಡಿಲ್ಲ ಅನ್ನುವ ನೆಪವನ್ನು ಪುರಸಭೆ ಹೇಳುವಂತಿಲ್ಲ ಅಂದಿತು. 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ಕೇಸಿನಲ್ಲಿ, ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ರದ್ದು ಮಾಡಿದ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಅಲ್ಲಿ ವಾಸಿಸುವವರಿಗೆ ಆ ಪಾರ್ಕನ್ನು ಕೇಳುವ ಹಕ್ಕಿದೆ ಎಂದಿತು. ಆಸ್ಪತ್ರೆ ಒಳ್ಳೆಯದೇ ಅಲ್ವಾ ಅಂತ ಯಾರಿಗಾದರೂ ಅನಿಸಬಹುದು. ಆದರೆ ಬಯಲು ಜಾಗವೂ ಊರಿನ ಆರೋಗ್ಯಕ್ಕೆ ಬೇಕು. ಈ ತೀರ್ಪನ್ನು ನೀವು ಪೂರ್ತಿ ಓದಿ, ಸಾರಾಂಶ ಓದಿ ಬಿಡಬೇಡಿ.

'ಕಟ್ಟಬೇಡಿ' ಮತ್ತು 'ಕಟ್ಟಿ' ಎದುರುಬದುರು ಅಂದಿರಲ್ಲ, ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮೆರಿ ಕೌಂಟಿಯಲ್ಲಿ ಅವೆರಡನ್ನೂ ಒಂದೇ ವ್ಯವಸ್ಥೆಯಲ್ಲಿ ತಂದಿದ್ದಾರೆ. ವಾಷಿಂಗ್ಟನ್ ನಗರ ಪಕ್ಕದಲ್ಲೇ ಬೆಳೆಯುತ್ತಿತ್ತು. 1980ರಲ್ಲಿ ಕೌಂಟಿ ಸುಮಾರು 93,000 ಎಕರೆಯನ್ನು ಕೃಷಿಗೆ ಮೀಸಲಿಟ್ಟಿತು. ಹಿಂದೆ 5 ಎಕರೆಗೆ ಒಂದು ಮನೆ ಕಟ್ಟಬಹುದಿತ್ತು, ಈಗ 25 ಎಕರೆಗೆ ಒಂದು. ರೈತರಿಗೆ ಆಗುವ ನಷ್ಟಕ್ಕೆ ಏನು? 5 ಎಕರೆಗೆ ಒಂದರಂತೆ ಕಟ್ಟುವ ಹಕ್ಕನ್ನು ಅವರಿಗೆ ಕೊಟ್ಟರು. ಆ ಹಕ್ಕನ್ನು ಅವರು ತಮ್ಮ ಹೊಲದಲ್ಲಿ ಬಳಸುವ ಬದಲು ಬಿಲ್ಡರುಗಳಿಗೆ ಮಾರಬಹುದು. ಕೊಂಡ ಬಿಲ್ಡರ್, ಕೌಂಟಿ ಗುರುತಿಸಿದ ಜಾಗಗಳಲ್ಲಿ ಮಾಮೂಲಿಗಿಂತ ಹೆಚ್ಚು ಮನೆ ಕಟ್ಟಬಹುದು. ಹೊಲದ ಮೇಲೆ ಈಸ್‌ಮೆಂಟ್ ಕೂರುತ್ತದೆ, ಊರಿನಲ್ಲಿ ಮನೆ ಏಳುತ್ತದೆ, ರೈತನಿಗೆ ಹಣ ಬರುತ್ತದೆ.

ನ್ಯೂಯಾರ್ಕಿನ ಹೈ ಲೈನ್ ಕೂಡ ಸ್ವಲ್ಪ ಹೀಗೆಯೇ. ಪಾಳುಬಿದ್ದ ಎತ್ತರದ ರೈಲು ಹಳಿಯನ್ನು ಕೆಡವಿ ಅಂತ ಒತ್ತಾಯಿಸಿದವರು ಅದರ ಕೆಳಗಿನ ಜಾಗದ ಮಾಲೀಕರು. 2005ರಲ್ಲಿ ನಗರ ಆ ಪ್ರದೇಶದ ಕಟ್ಟಡ ನಿಯಮ ಬದಲಿಸಿದಾಗ ಅವರಿಗೂ ಕಟ್ಟುವ ಹಕ್ಕನ್ನು ಹತ್ತಿರದ ಬೇರೆ ನಿವೇಶನಗಳಿಗೆ ಮಾರುವ ಅವಕಾಶ ಕೊಟ್ಟ ಮೇಲೆ ವಿರೋಧ ಕರಗಿತು. 2009ರಲ್ಲಿ ಮೊದಲ ಭಾಗ ಪಾರ್ಕಾಗಿ ತೆರೆಯಿತು. ಆಮೇಲೆ ಸುತ್ತಲಿನ ಬೆಲೆ ಏರಿತು. ಹಳಬರನ್ನು ಉಳಿಸಿಕೊಳ್ಳುವ ಕಾಗದವನ್ನೂ ಅಷ್ಟೇ ಗಟ್ಟಿಯಾಗಿ ಬರೆಯಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಊರಿನ ಒಳಗಿನ ಖಾಲಿ ನೆಲ ಬಳಕೆಗೆ ಬಾರದಿದ್ದರೆ ಮನೆ ಬೇಕಾದವರು ಹೊಲದ ಕಡೆಗೇ ಹೋಗುತ್ತಾರೆ. ಒಂದೇ ಕಚೇರಿಯಲ್ಲಿ ಒಂದೇ ವಕೀಲರು ಬೆಳಿಗ್ಗೆ ಹೊಲದ ಈಸ್‌ಮೆಂಟನ್ನೂ ಮಧ್ಯಾಹ್ನ ನಿವೇಶನದ ವಾರಸುದಾರರ ಪಟ್ಟಿಯನ್ನೂ ನೋಡುವುದರಲ್ಲಿ ವಿರೋಧ ಏನೂ ಇಲ್ಲ.

ಈಗ ನಿಮಗೆ ನೇರವಾಗಿ. ಸಂವಿಧಾನ, ಪರಿಸರ ಕಾನೂನು ನೀವು ಹೇಗೂ ಇಷ್ಟಪಟ್ಟು ಓದಿರುತ್ತೀರಿ. ಆಸ್ತಿ ವರ್ಗಾವಣೆ, ನೋಂದಣಿ, ವಾರಸುದಾರಿಕೆ, ತೆರಿಗೆ, ಟ್ರಸ್ಟ್ ಕಾನೂನು, ಇವನ್ನು ಬೇಜಾರಿಲ್ಲದೆ ಕಲಿಯಿರಿ. ಒಬ್ಬ ಒಳ್ಳೆಯ ಸರ್ವೆಯರ್ ಜತೆ ಜಮೀನಿನ ಗಡಿ ನಡೆದು ನೋಡಿ. ಪತ್ರದ ಚೆಕ್ಕುಬಂದಿಯಲ್ಲಿ 'ಪೂರ್ವಕ್ಕೆ ಹಳ್ಳ' ಅಂತ ಇರುತ್ತದೆ, ಆ ಹಳ್ಳ ಜಾಗ ಬದಲಿಸಿ ಎಷ್ಟೋ ಕಾಲವಾಗಿರುತ್ತದೆ. ಅದು ಕಾಲಿಗೆ ಸಿಗುವುದೇ ಹೊರತು ಪುಸ್ತಕದಲ್ಲಿ ಸಿಗುವುದಿಲ್ಲ. ಯೋಜನಾ ಪ್ರಾಧಿಕಾರದ ಸಾರ್ವಜನಿಕ ವಿಚಾರಣೆ ಎಲ್ಲಿ ನಡೆದರೂ ಹೋಗಿ ಹಿಂದೆ ಕೂತು ಕೇಳಿ. ಮಾತು ಬಾರದೆ ಎದ್ದು ಹೋದವರನ್ನು ಹೊರಗೆ ಮಾತಾಡಿಸಿ, ಅವರ ಆಕ್ಷೇಪಣೆಯನ್ನು ಬರೆದುಕೊಡಿ. ಮುಂದೆ ಅದೇ ಆಕ್ಷೇಪಣೆ ಕೋರ್ಟಿನಲ್ಲಿ ಆಧಾರವಾಗುತ್ತದೆ.

ಕೆಲಸ ಕೇಳಲು ಯಾವುದಾದರೂ ಟ್ರಸ್ಟಿಗೆ ಹೋದಾಗ, ಇಲ್ಲಿಯವರೆಗೆ ಎಷ್ಟು ಎಕರೆ ಉಳಿಸಿದ್ದೀರಿ ಅಂತ ಮೊದಲು ಕೇಳಬೇಡಿ. ಕಳೆದ ವರ್ಷ ಎಷ್ಟು ಜಮೀನುಗಳಿಗೆ ಹೋಗಿ ಸುತ್ತಿ ಬಂದಿದ್ದೀರಿ, ಯಾರು ಹೋಗಿದ್ದರು, ವರದಿ ಎಲ್ಲಿದೆ ಅಂತ ಕೇಳಿ. ತಕ್ಷಣ ಫೈಲು ತೆಗೆದು ತೋರಿಸಿದರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಅಲ್ಲೇ ಸೇರಿಕೊಳ್ಳಿ.